ಅಕ್ಕನ ಇಷ್ಟದ ಊಟ

ಈ ಹುಬ್ಬು ಅಕ್ಕನದಲ್ಲ, ಅಕ್ಕನ ಹುಬ್ಬು ಹೀಗೆ ಬಿಲ್ಲು ಬಗ್ಗಿಸಿದ ಹಾಗಿರಲಿಲ್ಲ, ಬೇಕರಿಯವನು ಒಂದೇ ಅಚ್ಚಿನಲ್ಲಿ ನೂರು ಮುಖ ಎರಕ ಹೊಯ್ದು ಸತ್ತವರ ಹೆಸರಿನ ಬ್ರೆಡ್ಡಿನ ಬೊಂಬೆಗಳಿಗೆಲ್ಲ ಅಂಟಿಸಿಬಿಟ್ಟಿದ್ದಾನೆ, ಕೆಂಪು ತುಟಿ, ಗುಲಾಬಿ ಕೆನ್ನೆ, ಕೋಚಬಾಂಬಾದ ಸತ್ತವರೆಲ್ಲ ಇವತ್ತು ಮದುಮಕ್ಕಳು — ಇರಲಿ, ನಿಂತರೆ ಸಾಕು, ಮೇಣದಬತ್ತಿಯ ಪಕ್ಕ ಇಟ್ಟರೆ ವಾಲುತ್ತದೆ, ಕಬ್ಬಿನ ಜಲ್ಲೆಗೆ ಒರಗಿಸುತ್ತೇನೆ, ಹಾಂ, ಈಗ ಸರಿ. ಕರಿ ಬಟ್ಟೆ ಹಾಸಿಯಾಯಿತು, ನೀರಿನ ಲೋಟ ಇಟ್ಟಾಯಿತು, ದೂರದಿಂದ ಬರುವವಳಿಗೆ ಮೊದಲು ಬಾಯಾರಿಕೆ, ಆಮೇಲೆ ಕುಡಿಯಲಿಕ್ಕೆ ಜೋಳದ ಹೆಂಡ ಚೀಚಾ, ಹೂ ಬಿಟ್ಟ ಈರುಳ್ಳಿ ಕಾಂಡ, ಇಳಿದು ಬರಲಿಕ್ಕೆ ಬ್ರೆಡ್ಡಿನ ಏಣಿ, ಮತ್ತೆ ಅವಳ ಫೋಟೋ, ಗುರುತಿನ ಚೀಟಿಯದ್ದನ್ನೇ ದೊಡ್ಡದು ಮಾಡಿಸಿದ್ದು, ಬೇರೆ ಇಲ್ಲ, ಈ ಗೋಡೆ ತುಂಬ ನಾನೇ ಇದ್ದೇನೆ, ಬೊಲಿವಿಯಾ ಅಂತ ಎದೆಯ ಮೇಲೆ ಬರೆದ ಅಂಗಿಯಲ್ಲಿ ನಾನು, ಗಾಳಿಯಲ್ಲಿ ಅಡ್ಡಡ್ಡ ಮಲಗಿ ಚೆಂಡು ತಳ್ಳುತ್ತಿರುವ ನಾನು, ಕಾಗದ ಹಳದಿಯಾದ ಪತ್ರಿಕೆಗಳಲ್ಲಿ ನಾನು, ಎಲ್ಲ ಅವಳೇ ಮೊಳೆ ಹೊಡೆದು ತೂಗುಹಾಕಿದ್ದು. ಗಂಟೆ ಹತ್ತೂ ಮುಕ್ಕಾಲು. ಹನ್ನೆರಡಕ್ಕೆ ಬರುತ್ತಾಳೆ. ನವೆಂಬರ್ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ಬಂದು, ಉಂಡು, ನಾಳೆ ಹನ್ನೆರಡಕ್ಕೆ ಹೊರಟುಬಿಡುತ್ತಾಳೆ, ಇದು ಮೂರನೆಯ ವರ್ಷ, ಹೊಸದಾಗಿ ಸತ್ತವರು ತಮ್ಮ ಮನೆ ಅಂತ ಊಟಕ್ಕೆ ಬರುವುದು ಮೂರೇ ವರ್ಷ, ಆಮೇಲೆ ಹಳಬರಾಗುತ್ತಾರೆ, ಊರಿನ ಸತ್ತವರ ಗುಂಪಿನಲ್ಲಿ ಇನ್ನೊಬ್ಬರು, ಅವರಿಗೆ ಅಂತ ಬೇರೆ ತಟ್ಟೆ ಇಡುವವರಿಲ್ಲ. ಹೋದ ವರ್ಷ ನಾನಿರಲಿಲ್ಲ. ಅದರ ಹಿಂದಿನ ವರ್ಷವೂ ಇರಲಿಲ್ಲ. ನವೆಂಬರ್ ಅಂದರೆ ಅರ್ಹತಾ ಪಂದ್ಯ, ಶಿಬಿರ, ಬೆಳಿಗ್ಗೆ ಆರಕ್ಕೆ ಸೀಟಿ, ಸತ್ತವರು ನವೆಂಬರಿನಲ್ಲೇ ಬರುತ್ತಾರೆ ಅಂತ ಫುಟ್‌ಬಾಲ್ ಸಂಸ್ಥೆಯವರಿಗೆ ಯಾರು ಹೇಳಬೇಕು. ಈ ವರ್ಷ ಬಂದಿದ್ದೇನೆ. ಬಂದೆ ಅಂತ ಎದೆ ತಟ್ಟಿಕೊಳ್ಳುವುದೇನೂ ಬೇಡ, ಈ ವರ್ಷ ಕರೆಯೇ ಬರಲಿಲ್ಲ, ಮೂವತ್ತಾರು ವರ್ಷದ ಗೋಲ್‌ಕೀಪರ್ ಯಾರಿಗೆ ಬೇಕು, ಪಟ್ಟಿಯಲ್ಲಿ ನನ್ನ ಹೆಸರಿನ ಜಾಗದಲ್ಲಿ ಇಪ್ಪತ್ತೆರಡರ ಹುಡುಗನೊಬ್ಬನ ಹೆಸರಿತ್ತು, ಕರೆ ಬಂದಿದ್ದರೆ ಹೋಗುತ್ತಿದ್ದೆ, ಹೋಗೇ ಹೋಗುತ್ತಿದ್ದೆ, ಅಕ್ಕಾ ನಿನ್ನೆದುರು ಸುಳ್ಳು ಹೇಳಿ ಏನು ಮಾಡಲಿ.

ಆದರೆ ಊಟ ಮಾತ್ರ ನಾನೇ ಮಾಡಿದೆ, ನನ್ನ ಕೈಯಾರೆ, ಪಕ್ಕದ ಮನೆಯ ದೋನ್ಯಾ ಪ್ರಿಮಿತಿವಾಗೆ ವಾರದ ಹಿಂದೆಯೇ ಫೋನಿನಲ್ಲಿ ಹೇಳಿದ್ದೆ, ಈ ಸಲ ನೀವು ಕೈ ಹಚ್ಚಬೇಡಿ, ಎಲ್ಲ ನಾನೇ ನೋಡ್ಕೋತೀನಿ ಅಂತ, ಎರಡು ವರ್ಷ ಅವರೇ ಇಟ್ಟರು ಪಾಪ, ಹೆತ್ತ ಮಗಳಿಗೆ ಇಡುವ ಹಾಗೆ. ಸತ್ತವರಿಗೆ ಏನೇನು ಇಷ್ಟವೋ ಅದನ್ನು ಇಡಬೇಕು, ಅದೇ ಮುಖ್ಯ, ಬ್ರೆಡ್ಡು ಕಬ್ಬು ಎಲ್ಲ ಎಲ್ಲರ ಮನೆಯಲ್ಲೂ ಒಂದೇ, ಇಷ್ಟದ ತಟ್ಟೆ ಮಾತ್ರ ಅವರವರದು, ಅದನ್ನು ನೋಡಿಯೇ ಆತ್ಮಕ್ಕೆ ಇದು ನನ್ನ ಮನೆ ಅಂತ ಗೊತ್ತಾಗುವುದು, ಇಲ್ಲದಿದ್ದರೆ ಬಾಗಿಲಲ್ಲೇ ನಿಂತು ಹಸಿದುಕೊಂಡು ಮುಂದೆ ಹೋಗುತ್ತದೆ. ಸಿಲ್ಪಾಂಚೊ. ಇನ್ನೇನು ಮತ್ತೆ. ಮಾಂಸ ತಂದು, ಬ್ರೆಡ್ಡಿನ ಪುಡಿ ಹಚ್ಚಿ, ಕಲ್ಲಿನಿಂದ ತಟ್ಟಿ ತಟ್ಟಿ ತಟ್ಟೆಯಗಲ ಮಾಡಿ, ಆಚೆ ಬೆಳಕು ಕಾಣಬೇಕು ಅಷ್ಟು ತೆಳ್ಳಗೆ, ಅಕ್ಕ ತಟ್ಟುವ ಸದ್ದು ಬೀದಿಯ ಕೊನೆಗೂ ಕೇಳುತ್ತಿತ್ತು, ನಾನು ಚೆಂಡು ಬಿಟ್ಟು ಓಡಿ ಬರುತ್ತಿದ್ದೆ, ಕೆಳಗೆ ಅನ್ನ, ಅದರ ಮೇಲೆ ಹುರಿದ ಆಲೂಗಡ್ಡೆ, ಅದರ ಮೇಲೆ ಈ ಮಾಂಸ, ಎಲ್ಲದರ ಮೇಲೆ ಮೊಟ್ಟೆ, ಹೆಚ್ಚಿದ ಈರುಳ್ಳಿ ಟೊಮೇಟೊ. ಹದಿನಾರನೆಯ ವಯಸ್ಸಿಗೆ ಆಡಲಿಕ್ಕೆ ಅಂತ ಊರು ಬಿಟ್ಟ ಮೇಲೆ ವರ್ಷಕ್ಕೆ ಒಂದೆರಡು ಸಲ ಬಂದಾಗಲೆಲ್ಲ ಇದೇ, ಚೀಲ ಕೆಳಗಿಡುವ ಮೊದಲೇ ತಟ್ಟುವ ಸದ್ದು, ಟಪ್ ಟಪ್ ಟಪ್, ಅದು ಅವಳ ಕೈಯಡುಗೆ, ಅವಳ ಪ್ರಾಣ. ಟೀವಿಯವರು ಕೇಳಿದಾಗಲೂ ಹೇಳಿದ್ದೆ, ಕ್ಲಾರೋಸ್, ನಿಮ್ಮ ಶಕ್ತಿಯ ಗುಟ್ಟೇನು, ಅಕ್ಕನ ಸಿಲ್ಪಾಂಚೊ ಅಂದೆ, ಇಡೀ ದೇಶ ನಕ್ಕಿತು. ನನ್ನ ಕೈಯದು ಸ್ವಲ್ಪ ದಪ್ಪವಾಗಿದೆ, ಅಂಚು ಕರ್ರಗಾಗಿದೆ, ಪರವಾಗಿಲ್ಲ, ತಮ್ಮ ಮಾಡಿದ್ದು ಅಂತ ಉಂಡಾಳು. ಬಾಗಿಲು ಕಿರುಗುಟ್ಟಿತು, ಯಾರು — ದೋನ್ಯಾ ಪ್ರಿಮಿ, ಹೊಸ ಟೋಪಿ, ಮಡಿಲಲ್ಲಿ ಹೂವು, ಬನ್ನಿ ಬನ್ನಿ, ಹೇಗಿದೆ ನೋಡಿ.

ಅಬ್ಬಬ್ಬಾ, ಏನ್ ಚೆಂದ ಮಾಡಿದ್ದೀಯೋ ನಿಕಾ, ಗಂಡಸರ ಕೈಲಿ ಇಷ್ಟಾಗತ್ತೆ ಅಂತ ನಾನಂದ್ಕೊಂಡಿರ್ಲಿಲ್ಲ, ಏಣಿ ಸ್ವಲ್ಪ ಈ ಕಡೆ ಸರಿಸು, ಹಾಂ, ಬಾಗಿಲಿಗೆ ಎದುರಾಗಿ, ಅಲ್ಲ, ಈ ತಟ್ಟೆ ಯಾರ್ದು? ಯಾರದು ಅಂದರೆ, ಅಕ್ಕನದು. ಅಕ್ಕಂದಾ? ಇಲಾರಿಯಾಂದಾ? ಹೌದು ದೋನ್ಯಾ, ಅವಳಿಗೆ ಇಷ್ಟವಾದ್ದು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟರು, ನನ್ನ ಮುಖ ನೋಡುತ್ತಾರೆ, ತಟ್ಟೆ ನೋಡುತ್ತಾರೆ, ಗೋಡೆಯ ಮೇಲಿನ ನನ್ನನ್ನು ನೋಡುತ್ತಾರೆ. ಅಯ್ಯೋ ಮಗನೇ. ಏನಾಯ್ತು? ಇದು ನಿಂಗಿಷ್ಟ ಕಣೋ. ಅವಳಿಗೆ ಎಲ್ಲಿತ್ತು ಇದು, ಒಂದು ದಿನ ಅವಳು ಇದರ ಮುಂದೆ ಕೂತು ಉಂಡಿದ್ದು ನೀನು ನೋಡಿದ್ದೀಯಾ ಹೇಳು? ನೋಡಿದ್ದೀನಿ ಅನ್ನಲು ಬಾಯಿ ತೆರೆದೆ. ಅಕ್ಕ ತಟ್ಟುತ್ತಾಳೆ, ಕರಿಯುತ್ತಾಳೆ, ಬಡಿಸುತ್ತಾಳೆ, ನನ್ನೆದುರು ತಟ್ಟೆ ಇಡುತ್ತಾಳೆ, ಅಕ್ಕಾ ನಿಂದು? ನಂದಾಯ್ತು ಕಣೋ, ನೀನು ತಿನ್ನು — ಆಮೇಲೆ ಒಲೆಯ ಕಡೆ ತಿರುಗಿ ನಿಲ್ಲುತ್ತಾಳೆ, ಬೆನ್ನು, ಬೆನ್ನ ಮೇಲೆ ಎರಡು ಜಡೆ, ಬಲಗೈಯ ಮೊಣಕೈ ಮೇಲೇಳುತ್ತದೆ, ಇಳಿಯುತ್ತದೆ, ನಿಂತುಕೊಂಡೇ ಏನೋ ತಿನ್ನುತ್ತಿದ್ದಾಳೆ, ಏನು ಅಂತ ಕಾಣುವುದಿಲ್ಲ. ಹಾಗಾದ್ರೆ ಅವಳಿಗೆ ಏನಿಷ್ಟ ದೋನ್ಯಾ? ನನ್ನ ಕೇಳ್ತೀಯಾ? ಎರಡು ವರ್ಷ ನಾನು ಬಟಾಣಿ ಸಾರು ಇಟ್ಟೆ, ಎಲ್ಲರ ಮನೇಲೂ ಇಡ್ತಾರೆ ಅಂತ ಇಟ್ಟೆ, ಅವಳಿಗೆ ಇಷ್ಟ ಅಂತಲ್ಲ, ಎರಡು ಸಲಾನೂ ನಿಂಗೆ ಫೋನ್ ಮಾಡಿ ಕೇಳಿದ್ನಲ್ಲೋ, ಏನಿಡ್ಲಪ್ಪಾ ಅಂತ, ಏನಂದೆ ನೀನು? ಏನಾದ್ರೂ ಇಡಿ ದೋನ್ಯಾ, ಬಸ್ ಹೊರಡ್ತಿದೆ ಅಂದೆ. ಹೌದು, ಅಂದಿದ್ದೆ, ಬಸ್ಸಿನ ಕಿಟಕಿ ನೆನಪಿದೆ, ಹಾದಿಯಲ್ಲಿ ಬಾವುಟ ಹಿಡಿದ ಜನ ನೆನಪಿದೆ. ಹನ್ನೊಂದು ಹೊಡೆಯಿತು. ಸುಮ್ಮನೆ ಯೋಚಿಸು ಗೂಬೆ, ಒಂದು ಗಂಟೆ ಇದೆ, ಒಬ್ಬಳ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಬದುಕಿದವನಿಗೆ ಒಂದು ತಿಂಡಿ ನೆನಪಾಗುವುದಿಲ್ಲವೇ.

ನನಗೆ ನೆನಪಿನ ಶಕ್ತಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಹದಿನಾಲ್ಕು ವರ್ಷ ದೇಶದ ಗೋಲು ಕಾದದ್ದು ಈ ಎತ್ತರದಿಂದಲ್ಲ, ನಾನು ಅಂಥ ಎತ್ತರದವನೂ ಅಲ್ಲ, ಕಾದದ್ದು ನೆನಪಿನಿಂದ, ನೀಲಿ ರಟ್ಟಿನ ನೋಟ್‌ಬುಕ್ಕಿತ್ತು, ಎದುರು ತಂಡದಲ್ಲಿ ಪೆನಾಲ್ಟಿ ಹೊಡೆಯುವವರೆಲ್ಲರ ಜಾತಕ ಅದರಲ್ಲಿ, ಉರುಗ್ವೆಯ ಎಡಗಾಲಿನವನು ಓಡುವ ಮೊದಲು ಕಾಲುಚೀಲ ಎಳೆದುಕೊಂಡರೆ ನನ್ನ ಬಲಕ್ಕೆ, ಎಳೆದುಕೊಳ್ಳದಿದ್ದರೆ ನಡುವೆ, ಪರಾಗ್ವೆಯ ಗಡ್ಡದವನು ಚೆಂಡನ್ನು ಎರಡು ಸಲ ತಿರುಗಿಸಿಟ್ಟರೆ ಎಡ, ಚಿಲಿಯವನೊಬ್ಬ ಹೊಡೆಯುವ ಮೊದಲು ತಾಯಿಯ ಹೆಸರು ಹೇಳುತ್ತಾನೆ, ತುಟಿ ನೋಡಿದರೆ ಗೊತ್ತಾಗುತ್ತದೆ, ಹೇಳಿದ ದಿನ ಜೋರಾಗಿ ಹೊಡೆಯುತ್ತಾನೆ, ಅವರಿಗೆ ಯಾವ ಬೂಟು, ಯಾವ ಮಂಡಿ ನೋವು, ಯಾರಿಗೆ ಮಳೆ ಆಗಿಬರುವುದಿಲ್ಲ, ಎಲ್ಲ ಬಾಯಿಪಾಠ, ಒಬ್ಬನಂತೂ ಪಂದ್ಯದ ಹಿಂದಿನ ದಿನ ಬರೀ ಬಾಳೆಹಣ್ಣು ತಿನ್ನುತ್ತಾನೆ ಅಂತಲೂ ಬರೆದಿಟ್ಟಿದ್ದೆ. ಬಾಳೆಹಣ್ಣು! ಅಯ್ಯೋ ದೇವರೇ, ಅಪರಿಚಿತನ ಬಾಳೆಹಣ್ಣು ನನಗೆ ಗೊತ್ತು. ಅಕ್ಕನಿಗೂ ನನ್ನದೆಲ್ಲ ಗೊತ್ತಿತ್ತು, ಲಾ ಪಾಸ್‌ನಲ್ಲಿ ಆಡುವಾಗ ಪತ್ರಿಕೆಯವರು ನನ್ನನ್ನು ಬೆಟ್ಟದ ಪೂಮಾ ಅಂತ ಬರೆಯುತ್ತಿದ್ದರು, ಕೆಳಗಿನ ದೇಶದವರು ಅಲ್ಲಿನ ತೆಳು ಗಾಳಿಯಲ್ಲಿ ಏದುಸಿರು ಬಿಟ್ಟು ವಾಂತಿ ಮಾಡಿಕೊಳ್ಳುವಾಗ ಇವನು ನೋಡಿ ಹೇಗೆ ನಿಂತಿದ್ದಾನೆ ಅಂತ, ಎಲ್ಲಿಯ ಪೂಮಾ, ನಾನು ಕಣಿವೆಯವನು, ಕೋಚಬಾಂಬಾದ ಮೆತ್ತನೆ ಗಾಳಿಯವನು, ನನಗೂ ಅಲ್ಲಿ ತಲೆ ಸಿಡಿಯುತ್ತಿತ್ತು, ಕಣ್ಣು ಕತ್ತಲೆ ಬರುತ್ತಿತ್ತು, ಹದಿನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ, ಹೇಳಿದರೆ ತಂಡದಿಂದ ತೆಗೆಯುತ್ತಾರೆ, ಅಕ್ಕ ಮಾತ್ರ ಫೋನಿನಲ್ಲಿ ಮೊದಲ ಮಾತೇ, ತಲೆ ನೋಯ್ತೇನೋ, ಎಡಗಡೆ ತಾನೆ, ಊಟ ಮಾಡಿದ್ಯಾ, ಏನ್ ಹಾಕಿದ್ರು. ಮಗುವನ್ನು ಅಮ್ಮ ಕೇಳುವ ಹಾಗೆ. ನಾನು ಏನೇನು ತಿಂದೆ ಅಂತ ಪಟ್ಟಿ ಒಪ್ಪಿಸುತ್ತಿದ್ದೆ. ನಿಂದು ಅಕ್ಕಾ? ಅಂತ ಕೊನೆಗೆ ಕೇಳುತ್ತಿದ್ದೆ, ಕೇಳುತ್ತಿದ್ದೆನಪ್ಪ, ಕೇಳಲಿಲ್ಲ ಅಂತಲ್ಲ, ಗಡಿಯಾರ ನೋಡಿಕೊಂಡು ಕೇಳುತ್ತಿದ್ದೆ. ನಂದಾಯ್ತು. ಅಷ್ಟೇ. ಏನಾಯಿತು ಅಂತ ಯಾವತ್ತೂ ಕೇಳಲಿಲ್ಲ, ಹದಿನೆಂಟು ವರ್ಷದಲ್ಲಿ ಒಂದು ಸಲ ಕೇಳಿದ್ದರೆ ಇವತ್ತು ಹೀಗೆ ಕಳ್ಳನ ಹಾಗೆ ನಿಲ್ಲಬೇಕಿರಲಿಲ್ಲ.

ಜೋಳ. ಜೋಳದ ತೆನೆ! ಮೂವತ್ತು ವರ್ಷ ಕಾಂಚಾ ಮಾರ್ಕೆಟ್ಟಿನ ಮೂಲೆಯಲ್ಲಿ ಬೇಯಿಸಿದ ತೆನೆ ಮಾರಿದವಳು, ಅದೇ ಇರಬೇಕು, ದೋನ್ಯಾ ಮೇಣದಬತ್ತಿ ನೋಡ್ಕೊಳ್ಳಿ, ಬಂದೆ — ಎಲ್ಲಿಗೋ, ಹನ್ನೆರಡರೊಳಗೆ ಬಾರೋ, ಮನೆಯವರಿಲ್ಲದಿದ್ರೆ ಅವಳು ಒಳಗೆ ಬರಲ್ಲ — ಓಡುತ್ತಿದ್ದೇನೆ, ಮಂಡಿ ಕಟಕಟ ಅನ್ನುತ್ತದೆ, ಮೂಲೆಯಲ್ಲಿ ಉದ್ದನೆಯ ನೀಲಗಿರಿ ಕಂಬ ನೆಟ್ಟು ಉಯ್ಯಾಲೆ ಕಟ್ಟುತ್ತಿದ್ದಾರೆ, ಹೆಂಗಸರು ತೂಗಿಕೊಂಡಷ್ಟೂ ಆತ್ಮಗಳು ಬೇಗ ಮೇಲೆ ಹೋಗುತ್ತವೆ, ಅಕ್ಕನೂ ಒಮ್ಮೆ ತೂಗಿಕೊಂಡಿದ್ದಳು, ಹತ್ತೊಂಬತ್ತೋ ಇಪ್ಪತ್ತೋ ಅವಳಿಗೆ, ಆಕಾಶಕ್ಕೆ ಹೋಗಿ ಎದುರಿಗೆ ತೂಗುಹಾಕಿದ್ದ ಬುಟ್ಟಿಯನ್ನು ಕಾಲ್ಬೆರಳಿನಲ್ಲಿ ಕಿತ್ತುಕೊಂಡು ಬಂದಳು, ಇಡೀ ಬೀದಿ ಹೋ ಅಂತು, ಅವಳು ಹಾಗೆ ಬಾಯಿ ಬಿಟ್ಟು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ, ಬುಟ್ಟಿಯಲ್ಲಿ ಏನಿತ್ತು, ಮಿಠಾಯಿ, ಪೀಚ್ ಹಣ್ಣು, ತಂದು ನನ್ನ ಮಡಿಲಿಗೆ ಸುರಿದಳು, ಒಂದನ್ನಾದರೂ ಬಾಯಿಗೆ ಹಾಕಿಕೊಂಡಳೇ, ನೋಡಲಿಲ್ಲ, ನಾನು ಹಣ್ಣು ನೋಡುತ್ತಿದ್ದೆ. ಮಾರ್ಕೆಟ್ಟು ಬಂತು, ಅವಳ ಜಾಗದಲ್ಲಿ ಈಗ ಯಾರೋ ಪ್ಲಾಸ್ಟಿಕ್ ಚಪ್ಪಲಿ ಇಟ್ಟುಕೊಂಡಿದ್ದಾರೆ, ಪಕ್ಕದಲ್ಲಿ ಚೀಸ್ ಮಾರುವ ಮುದುಕಿ ಮಾತ್ರ ಅಲ್ಲೇ ಇದ್ದಾಳೆ, ಓಹೋಹೋ, ಗೋಲ್‌ಕೀಪರ್ ದೊರೆಗಳು! ಏನು ಈ ಕಡೆ ಸವಾರಿ, ಇವತ್ತು ಕೈಗೆ ಗ್ಲೌಸ್ ಹಾಕಿಲ್ವಾ? ಅಜ್ಜೀ, ನಮ್ಮಕ್ಕನಿಗೆ ತೆನೆ ಅಂದ್ರೆ ಇಷ್ಟ ಇತ್ತಾ? ತೆನೇನಾ! ಆ ಆವಿ ಮೂಗಿಗೆ ಬಡಿದ್ರೆ ಅವಳಿಗೆ ವಾಕರಿಕೆ ಬರ್ತಿತ್ತು ಕಣಪ್ಪಾ, ಮೂಗಿಗೆ ಬಟ್ಟೆ ಕಟ್ಕೊಂಡು ಮಾರೋಳು, ಒಂದು ಕಾಳು ಬಾಯಿಗೆ ಹಾಕಿದ್ದು ನಾ ಕಾಣೆ. ಚೀಸ್? ನನ್ನ ಚೀಸು ಮುಟ್ತಿರ್ಲಿಲ್ಲ, ಕೊಟ್ರೆ ನಿಕಾಗೆ ಕಳಿಸ್ತೀನಿ ಅನ್ನೋಳು, ನೀನು ಆಗ ಎಲ್ಲಿದ್ಯೋ, ಮೆಕ್ಸಿಕೋದಲ್ಲೋ ಎಲ್ಲೋ, ಚೀಸ್ ಮೆಕ್ಸಿಕೋಗೆ ಹೋಗತ್ತೇನೇ ಅಂತ ನಾವೆಲ್ಲ ನಗೋದು. ಮತ್ತೆ ಮಧ್ಯಾಹ್ನ ಏನು ತಿಂತಿದ್ಳು? ಡಬ್ಬಿ ತರ್ತಿದ್ಳಪ್ಪ. ಡಬ್ಬೀಲಿ ಏನು? ಯಾರಿಗ್ಗೊತ್ತು, ಗೋಡೆ ಕಡೆ ತಿರುಗಿ ತಿನ್ನೋಳು, ಬೆನ್ನು ನಮ್ಮ ಕಡೆ. ಬೆನ್ನು. ಇಲ್ಲಿಯೂ ಬೆನ್ನು. ಎಷ್ಟು ಜನರಿಗೆ ಬೆನ್ನು ತೋರಿಸಿ ಉಂಡೆ ಅಕ್ಕಾ, ಏನನ್ನು ಬಚ್ಚಿಟ್ಟುಕೊಂಡೆ. ಈಗೇನು ಕೇಳಿ ಮಾಡ್ತೀಯೋ, ಸತ್ತ ಮೇಲೆ ಮೆನು ಕೇಳೋಕೆ ಬಂದ, ಹೋಗು ಹೋಗು, ಹೊತ್ತಾಗತ್ತೆ, ನಮ್ಮನೆಯವರೂ ಬರೋ ಹೊತ್ತಾಯ್ತು ಅಂತ ಬೈದು, ಬೈಯುತ್ತಲೇ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

ವಾಪಸ್ಸು ಓಡಲಿಕ್ಕೆ ಕಾಲಿಲ್ಲ, ನಡೆಯುತ್ತೇನೆ, ತುನಾರಿ ಬೆಟ್ಟದ ತಲೆಯ ಮೇಲೆ ಒಂದು ಚೂರು ಹಿಮ, ಬೀದಿಯ ಪ್ರತಿ ಬಾಗಿಲೂ ತೆರೆದಿದೆ, ಪ್ರತಿ ಬಾಗಿಲೊಳಗೂ ಕರಿ ಬಟ್ಟೆ, ತಟ್ಟೆ, ಅವರವರಿಗೆಲ್ಲ ಗೊತ್ತು, ಮುದುಕನಿಗೆ ಸಿಗರೇಟು, ಮಗುವಿಗೆ ಹಾಲುಗಂಜಿ, ಆ ಕುಡುಕ ಬಡಗಿಗೆ ಮೂಳೆ ಸಾರು, ಅವನನ್ನು ಬೈದುಕೊಂಡೇ ಬದುಕಿದ ಹೆಂಡತಿಗೂ ಗೊತ್ತು. ಆವತ್ತೂ ಹೀಗೇ ನಡೆದಿದ್ದೆ, ಬೂಟು ಕೈಯಲ್ಲಿ ಹಿಡಿದು, ದೂರದ ಊರಿನ ಆಟದ ಮೈದಾನದ ಕೆಳಗಿನ ಉದ್ದನೆಯ ಓಣಿ, ಎರಡು ವರ್ಷದ ಹಿಂದಿನ ಅಕ್ಟೋಬರ್, ಒಂದೂ ಗೋಲು ಬಿಟ್ಟಿರಲಿಲ್ಲ, ಹೊರಗಿನ ನೆಲದಲ್ಲಿ ನನ್ನ ಬದುಕಿನಲ್ಲೇ ಮೊದಲ ಸಲ, ಹಾಡಿಕೊಂಡು ಬರುತ್ತಿದ್ದೇನೆ, ತಂಡದ ಡಾಕ್ಟರ್ ಗೋಡೆಗೆ ಒರಗಿ ನಿಂತಿದ್ದಾನೆ, ಕುಳಿತುಕೊ ಕ್ಲಾರೋಸ್ ಅಂದ, ಯಾಕೆ, ಕುಳಿತುಕೊ, ನಿಮ್ಮಕ್ಕ, ಬೆಳಿಗ್ಗೆ, ಹೃದಯ ಊದಿಬಿಟ್ಟಿತ್ತಂತೆ. ವಿಂಚುಕಾ ಹುಳ, ಮಣ್ಣುಗೋಡೆಯ ಸಂದಿನಿಂದ ರಾತ್ರಿ ಇಳಿದು ಬಂದು ಕಚ್ಚುವ ಹುಳ, ಚಿಕ್ಕವಳಿದ್ದಾಗ ಕಚ್ಚಿದ್ದು ಮೂವತ್ತು ವರ್ಷ ಒಳಗೊಳಗೇ ತಿಂದಿತ್ತು, ಗೋಡೆಯ ಕಡೆ ಅವಳು ಮಲಗುತ್ತಿದ್ದಳು, ನನ್ನನ್ನು ಈಚೆ ಮಲಗಿಸುತ್ತಿದ್ದಳು. ಬೆಳಿಗ್ಗೆಯಾ? ಈಗ ಸಂಜೆ ಏಳು. ಬೆಳಿಗ್ಗೆಯೇ ಗೊತ್ತಿತ್ತಾ ನಿಮಗೆ? ಸಾಯೋ ಮುಂಚೆ ನಿಮ್ಮಕ್ಕನೇ ಹೇಳಿದ್ದಂತೆ ಕಣಯ್ಯ, ಆಟ ಮುಗಿಯೋವರೆಗೂ ನಮ್ಮ ಹುಡುಗನಿಗೆ ಹೇಳ್ಬೇಡಿ, ಊಟ ಬಿಟ್ಟುಬಿಡ್ತಾನೆ ಅಂತ. ಊಟ ಬಿಟ್ಟುಬಿಡ್ತಾನೆ! ಸಾಯುವಾಗಲೂ ನನ್ನ ಊಟ, ಆ ರಾತ್ರಿ ಬಿಡಲಿಲ್ಲ ಅಕ್ಕಾ, ಹೋಟೆಲಿನಲ್ಲಿ ಯಾರೋ ತಟ್ಟೆ ಕೈಗಿತ್ತರು, ಅಳುತ್ತ ಅಳುತ್ತ ಪೂರ್ತಿ ಉಂಡೆ, ಹಸಿವಾಗಿತ್ತು, ನಾಚಿಕೆಯಾಗಬೇಕು, ಹಸಿವಾಗಿತ್ತು.

ಹನ್ನೊಂದೂ ಮುಕ್ಕಾಲು, ದೋನ್ಯಾ ಅಲ್ಲೇ ಕುಳಿತಿದ್ದಾರೆ, ಬಾಗಿಲಲ್ಲಿ ಪ್ರಾರ್ಥನೆ ಹೇಳುವ ಕುರುಡು ಅನಕ್ಲೇತೋ ಆಗಲೇ ಬಂದು ಖಾಲಿ ಗೋಣಿಚೀಲ ಮಡಚಿಕೊಂಡು ಕಾಯುತ್ತಿದ್ದಾನೆ, ಯಾರ ಹೆಸರಿಗಪ್ಪಾ ಹೇಳ್ಬೇಕು? ಇಲಾರಿಯಾ, ಇಲಾರಿಯಾ ಕ್ಲಾರೋಸ್. ಓ, ತೆನೆ ಇಲಾರಿಯಾ, ಒಳ್ಳೆ ಹೆಣ್ಣುಮಗಳು, ಬ್ರೆಡ್ಡು ದೊಡ್ಡದು ಇಟ್ಟಿದ್ದೀರಾ, ದೊಡ್ಡದಿದ್ರೆ ಪ್ರಾರ್ಥನೆ ಉದ್ದ, ಹೆಹ್ಹೆಹ್ಹೆ. ಸಿಕ್ಕಿತೇನೋ? ಇಲ್ಲ ದೋನ್ಯಾ. ತೆನೆಯಲ್ಲ, ಚೀಸಲ್ಲ, ಏನೂ ಅಲ್ಲ, ನನ್ನಕ್ಕ ಏನೂ ತಿನ್ನದೇ ನಲವತ್ಮೂರು ವರ್ಷ ಬದುಕಿದಳು. ಬಟಾಣಿ ಸಾರು ನಮ್ಮನೇಲಿದೆ, ತರ್ಲಾ? ಬೇಡ. ಬೇಡ ಅಂದರೆ ಮತ್ತೇನಿಡ್ತೀಯ? ನಾನು ನೆಲದ ಮೇಲೆ ಕುಳಿತೆ, ದೊಡ್ಡ ಗಂಡಸು, ಇವರ ಕಾಲ ಬಳಿ, ದೋನ್ಯಾ ನನ್ನ ತಲೆಯ ಮೇಲೆ ಕೈಯಿಟ್ಟರು. ಕೇಳಿಲ್ಲಿ, ಹೇಳ್ಬಾರ್ದು ಅಂತಿದ್ದೆ, ನೀನು ಊರಲ್ಲಿಲ್ಲದಾಗ ಆಟದ ದಿನ ನಾನೂ ಅವಳೂ ಇಲ್ಲೇ ಕೂತು ಟೀವಿ ನೋಡೋದು, ಆ ದಿನ ಮಾತ್ರ ಅವಳು ಇದನ್ನೇ ಮಾಡ್ತಿದ್ಳು, ಇದೇ ಸಿಲ್ಪಾಂಚೊ, ನಿನ್ನ ತಟ್ಟೆ ಬಡಿಸಿ ಟೀವಿ ಮುಂದೆ ಇಟ್ಬಿಡೋಳು, ನೀನು ಅದರೊಳಗೆ ಹಾರ್ತಾ ಇದ್ದೆ, ತಟ್ಟೆ ಇಲ್ಲಿ ಆರ್ತಾ ಇರ್ತಿತ್ತು, ಆಟ ಮುಗಿದ್ಮೇಲೆ ಎದ್ದು ಅರ್ಧ ಬಾಚಿ ನಾಯಿಗೆ ಹಾಕೋಳು, ಮಿಕ್ಕಿದ್ದರ್ಧ ತಿನ್ನೋಳು. ಹುಚ್ಚಿ, ಯಾಕೇ ಒಳ್ಳೇ ಮಾಂಸ ನಾಯಿಗೆ ಅಂತ ನಾನು ಬೈದೆ. ಏನಂದ್ಳು ಗೊತ್ತಾ? ಇಡೀ ತಟ್ಟೆ ಗಂಟಲಲ್ಲಿ ಇಳಿಯಲ್ಲ ಪ್ರಿಮೀ, ಅವನು ತಿಂದು ಬಿಟ್ಟಿದ್ದು ಅಂತ ಅಂದ್ಕೊಂಡ್ರೆ ಇಳಿಯತ್ತೆ, ಚಿಕ್ಕಂದಿನಿಂದ ಅದೇ ರುಚಿ ಹತ್ತಿದೆ ಅಂದ್ಳು. ಬಿಟ್ಟಿದ್ದು. ನಾನು ಬಿಟ್ಟಿದ್ದು. ಅಪ್ಪ ಕಾಡಿನ ಕಡೆ ಕೆಲಸಕ್ಕೆ ಅಂತ ಹೋಗಿ ತಿರುಗಿ ಬರಲಿಲ್ಲ, ಅಮ್ಮ ಅರ್ಜೆಂಟೀನಾದ ದ್ರಾಕ್ಷಿ ಕೊಯ್ಯಲು ಹೋದವಳು ಅಲ್ಲೇ ಸತ್ತಳು, ನನಗೆ ಐದು, ಅಕ್ಕನಿಗೆ ಹದಿನಾಲ್ಕು, ಒಂದೇ ತಟ್ಟೆ ಇತ್ತು ಮನೆಯಲ್ಲಿ, ಹೌದು, ಒಂದೇ ತಟ್ಟೆ, ಅದರಲ್ಲಿ ನಾನು ಉಂಡು ದೂಡಿ ಆಡಲಿಕ್ಕೆ ಓಡುತ್ತಿದ್ದೆ, ಅವಳು ಅದನ್ನೆತ್ತಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು, ಬೆನ್ನು, ಜಡೆ, ಮೊಣಕೈ, ನಾನು ನೋಡಿ ನಾಚಿಕೊಳ್ಳಬಾರದು ಅಂತ, ನಾನು ಒಂದು ತುತ್ತು ಕಡಿಮೆ ತಿನ್ನಬಾರದು ಅಂತ.

ಎದ್ದೆ. ಚಮಚ ಎಲ್ಲಿ, ಬೇಡ, ಕೈಯೇ ಸಾಕು. ಮೇಜಿನೆದುರು ಸ್ಟೂಲು ಎಳೆದುಕೊಂಡು ಕುಳಿತು ಅಂಚಿನ ಮಾಂಸ ಮುರಿದೆ. ಏ ಏ ಏ, ಏನೋ ಮಾಡ್ತಿದ್ದೀಯ! ದೋನ್ಯಾ ಎದ್ದು ನಿಂತರು, ಟೋಪಿ ನೆಲಕ್ಕೆ ಬಿತ್ತು, ಅವಳು ಬರೋಕೆ ಮುಂಚೆ ಬಾಯಿ ಹಾಕ್ತೀಯೇನೋ ಪಾಪಿ, ಸತ್ತೋರಿಗೆ ಎಂಜಲು ಇಡ್ತೀಯಾ! ಯಾರು ಏನು ತಿಂತಿದಾರೆ ಅಂತ ಬಾಗಿಲಲ್ಲಿ ಕುರುಡ ಅನಕ್ಲೇತೋ ಕತ್ತು ಚಾಚಿದ, ಆತ್ಮದ ತಟ್ಟೆ ಮುಟ್ಟಿದೋನಿಗೆ ಆತ್ಮದ ಹಸಿವು ಅಂಟ್ಕೊಳ್ಳುತ್ತೆ ಕಣಯ್ಯಾ, ಬಿಡು. ಅಂಟಿಕೊಳ್ಳಲಿ. ಅಂಟಿಕೊಳ್ಳಲಿ ಮಹರಾಯಾ, ಅದೇ ನನಗೆ ಬೇಕಿರುವುದು. ಅವಳು ಎಂಜಲೇ ತಿನ್ನೋದು ದೋನ್ಯಾ, ಬೇರೆ ಇಟ್ರೆ ಅವಳಿಗೆ ಇದು ಅವಳ ಮನೆ ಅಂತ ಗೊತ್ತಾಗಲ್ಲ. ದೋನ್ಯಾ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡರು. ಅನ್ನ ತಣ್ಣಗಾಗಿದೆ, ನುಂಗುತ್ತೇನೆ, ಅರ್ಧ, ಸರಿಯಾಗಿ ಅರ್ಧ ಬಿಡಬೇಕು, ಅರ್ಧಕ್ಕಿಂತ ಹೆಚ್ಚೇ ಬಿಡುತ್ತೇನೆ ಈ ಸಲ, ಮೊಟ್ಟೆ ಪೂರ್ತಿ ನಿನಗೇ ಅಕ್ಕಾ, ಮೊಟ್ಟೆ ನಾನು ಯಾವತ್ತೂ ಬಿಟ್ಟವನಲ್ಲ, ಆಲೂಗಡ್ಡೆಯಲ್ಲಿ ಒಳ್ಳೆಯ ಹೋಳು ಆರಿಸಿ ಆ ಕಡೆ ಸರಿಸುತ್ತೇನೆ, ಗಂಟೆ, ಇಗರ್ಜಿಯ ಗಂಟೆ, ಒಂದು, ಎರಡು, ಬೀದಿಯ ಮನೆಮನೆಯಲ್ಲೂ ಪ್ರಾರ್ಥನೆ ಎದ್ದಿತು, ಕುರುಡ ಶುರುಮಾಡಿದ, ಇಲಾರಿಯಾ ಕ್ಲಾರೋಸಳ ಆತ್ಮಕ್ಕೆ, ತಟ್ಟೆ ದೂಡಿದೆ, ಆಗ ದೂಡುತ್ತಿದ್ದ ಹಾಗೆಯೇ, ಮೇಜಿನ ಆ ತುದಿಗೆ, ಬಾ, ತಗೋ, ಇವತ್ತು ತಿರುಗಿ ನಿಲ್ಲಬೇಡ, ನನ್ನೆದುರು ಕುಳಿತು ತಿನ್ನು, ಇದು ಬಿಟ್ಟದ್ದು, ನೋಡು ಎಷ್ಟು ಬಿಟ್ಟಿದ್ದೇನೆ — ಆದರೆ ಬಿಡದ ದಿನಗಳಿದ್ದವಲ್ಲ. ಇದ್ದವು. ಚೆಂಡಾಡಿ ಬಂದು ಹೊಟ್ಟೆ ಉರಿಯುವಷ್ಟು ಹಸಿದ ದಿನ, ಮಾಂಸ ಎಲ್ಲಿಯದು, ಬರೀ ಅನ್ನ, ಉಪ್ಪು, ತಟ್ಟೆ ನೆಕ್ಕಿ, ಪಾತ್ರೆಯನ್ನೂ ಎಳೆದುಕೊಂಡು ತಳ ಕೆರೆದೆ, ಸೌಟಿನ ಸದ್ದು ಕಿವಿಯಲ್ಲಿದೆ, ಒಂದು ಅಗುಳು ಉಳಿಸಿರಲಿಲ್ಲ, ಅಕ್ಕಾ ನಿಂದು? ನಂದಾಯ್ತು ಕಣೋ, ಅಂದು ಪಾತ್ರೆ ಎತ್ತಿಕೊಂಡು ಒಲೆಯ ಕಡೆ ತಿರುಗಿ ನಿಂತಳು, ಬೆನ್ನು, ಎರಡು ಜಡೆ, ಪಾತ್ರೆ ಖಾಲಿ, ನಾನೇ ಕೆರೆದದ್ದು, ಖಾಲಿ ಅಂತ ನನಗೆ ಗೊತ್ತಿತ್ತು, ಗೊತ್ತಿತ್ತು, ಆದರೂ ಮೊಣಕೈ ಮೇಲೇಳುತ್ತದೆ, ಬಾಯಿಯ ಮಟ್ಟಕ್ಕೆ, ಇಳಿಯುತ್ತದೆ, ಮೇಲೇಳುತ್ತದೆ, ಇಳಿಯುತ್ತದೆ, ಖಾಲಿ ಪಾತ್ರೆಯಿಂದ, ಮೊಣಕೈ, ಮೇಲೆ, ಕೆಳಗೆ, ಮೊಣಕೈ